ಹದ ಮಾಡಿದ ನೀರು

ಅರಿಶಿನ ಅಂದುಕೊಂಡೆ.

ತಂಗಿ ನಿರ್ಮಲಾಳ ಸೀಮಂತ ಮುಗಿದು ನಾಲ್ಕು ದಿನವಾಗಿತ್ತು. ಏಳು ತಿಂಗಳ ಬಸುರಿ. ಶಿಕಾರಿಪುರದ ನಮ್ಮ ಬೀದಿಯ ಹೆಂಗಸರೆಲ್ಲ ಬಂದು ಅವಳ ಕೆನ್ನೆಗೆ, ಕೈಗೆ, ಪಾದಕ್ಕೆ ಅರಿಶಿನ ಮೆತ್ತಿ ಹೋಗಿದ್ದರು. ಅವತ್ತು ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಿದ್ದೆ. ಕುತ್ತಿಗೆಯ ಹಿಂದೆ ಹಳದಿ ಕಂಡಿತು. ಸೆರಗಿನ ತುದಿ ಒದ್ದೆ ಮಾಡಿ ಉಜ್ಜಿದೆ. ಹೋಗಲಿಲ್ಲ.

ಸೀಮಂತಕ್ಕೆಂದು ಸೊರಬದಿಂದ ಬಂದು ಉಳಿದಿದ್ದ ಅವಳ ಅತ್ತೆ ಗೌರಮ್ಮ ಅಲ್ಲೇ ಬೆಳ್ಳುಳ್ಳಿ ಬಿಡಿಸುತ್ತಿದ್ದರು. “ನಮ್ಮ ಹಿತ್ತಲ ಅರಿಶಿನ ಅದು ಗಿರಿಜಮ್ಮ. ಅಂಗಡೀದಲ್ಲ. ಅಷ್ಟು ಸುಲಭಕ್ಕೆ ಬಿಡೂದಿಲ್ಲ” ಎಂದು ನಕ್ಕರು. ನಾನೂ ನಕ್ಕೆ.

ನಿರ್ಮಲಾ ನಗಲಿಲ್ಲ. ಎರಡು ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಒಗ್ಗರಣೆಯ ವಾಸನೆಗೇ ಎದ್ದು ಹೊರಗೆ ಹೋಗುತ್ತಿದ್ದಳು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ಈಗ ಅವಳು ಅತ್ತೆಗೆ ಕೇಳದ ಹಾಗೆ ಮೆಲ್ಲಗೆ ಹೇಳಿದಳು.

“ಅಕ್ಕ, ಒಂದಕ್ಕೆ ಹೋದ್ರೆ ಕರೀ ಕಾಫಿ ಹಂಗೆ ಹೋಗ್ತೈತೆ.”

ಬಾಚಣಿಗೆ ಕೆಳಗಿಟ್ಟೆ. ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದೆ. ಕೆಳಗಿನ ರೆಪ್ಪೆ ಎಳೆದು ನೋಡಿದೆ.

ಕಣ್ಣೊಳಗೆ ಯಾರೂ ಅರಿಶಿನ ಹಚ್ಚಿರಲಿಲ್ಲ.

ನಮ್ಮ ತವರು ತಾಳಗುಂದ. ಅವ್ವ ತೀರಿಹೋಗಿ ಆರು ವರ್ಷವಾಗಿದೆ. ಹಾಗಾಗಿ ನಿರ್ಮಲಾಳ ಚೊಚ್ಚಲ ಬಾಣಂತನ ನನ್ನ ಮನೆಯಲ್ಲಿ ಎಂದು ಅವಳ ಮದುವೆಯ ದಿನವೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವಳೂ ನಾನೇ. ಸೊರಬದ ಅವರ ಮನೆಯಲ್ಲಿ ಬಾವಿ. ಹಗ್ಗ, ರಾಟೆ, ಕೊಡ. ಬಸುರಿಯಾದವಳು ನೀರು ಸೇದಬಾರದು ಅನ್ನುವುದು ನನ್ನ ವಾದ. ಏಳನೇ ತಿಂಗಳಲ್ಲಿ ಕರೆತರಬೇಕಾದವಳನ್ನು ಐದು ತುಂಬುತ್ತಲೇ ಕರೆದುಕೊಂಡು ಬಂದೆ. “ನಮ್ಮನೇಲಿ ನಲ್ಲಿ ಐತೆ. ತಿರುಗಿಸಿದ್ರೆ ನೀರು. ಕೊಡ ಎತ್ತೋ ಕೆಲಸಾನೇ ಇಲ್ಲ” ಎಂದು ಗೌರಮ್ಮನ ಎದುರಿಗೇ ಹೇಳಿದ್ದೆ. ಆ ಮಾತಿನಲ್ಲಿ ಜಂಬ ಇತ್ತು. ಇಲ್ಲ ಅನ್ನುವುದಿಲ್ಲ.

ಜಂಬಕ್ಕೆ ಕಾರಣವೂ ಇತ್ತು. ನಮ್ಮವರದು ಹಾರ್ಡ್‌ವೇರ್ ಅಂಗಡಿ. ಪೈಪು, ನಲ್ಲಿ, ವಾಷರ್ ಮಾರುವ ಮನೆ ನಮ್ಮದು. ಬೀದಿಯಲ್ಲಿ ಮೊದಲು ಕನೆಕ್ಷನ್ ಎಳೆಸಿಕೊಂಡದ್ದು ನಾವು. ಹಿತ್ತಾಳೆಯ ನಲ್ಲಿ. ನಾನು ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದೆ. ಸೋಸದ ನೀರನ್ನು ನಮ್ಮತ್ತೆಯವರ ಕಾಲದಿಂದಲೂ ಈ ಮನೆಯಲ್ಲಿ ಯಾರೂ ಕುಡಿದಿಲ್ಲ.

ಬಾಟಲಿ ನೀರು ನಮ್ಮೂರ ಬಸ್‌ಸ್ಟ್ಯಾಂಡಿನ ಅಂಗಡಿಗೆ ಬಂದು ಎರಡು ಮೂರು ವರ್ಷವಾಗಿರಬೇಕು. ಕೂಲ್‌ಡ್ರಿಂಕ್ಸ್ ಪಕ್ಕದಲ್ಲಿ ಧೂಳು ಹಿಡಿದು ನಿಂತಿರುತ್ತಿತ್ತು. “ಮುಂದೆ ಗಾಳೀನೂ ಬಾಟ್ಲಿಗೆ ತುಂಬಿ ಮಾರ್ತಾರೆ ನೋಡ್ತಿರು” ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಒಮ್ಮೆ ದಾವಣಗೆರೆಯಿಂದ ಅವರ ದಾಯಾದಿಯ ಹೆಂಡತಿ ಬಂದವಳು ಊಟಕ್ಕೆ ಕೂತಾಗ ನಾನಿಟ್ಟ ಲೋಟವನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ಬಾಟಲಿ ತೆಗೆದು ಕುಡಿದಳು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹೊರಡುವಾಗ ಕುಂಕುಮ ಕೊಟ್ಟೆ. ಮತ್ತೆ ಬಾ ಅನ್ನಲಿಲ್ಲ.

ನಿರ್ಮಲಾ ಬಂದ ಒಂದು ವಾರಕ್ಕೆ ನಮ್ಮವರಿಗೆ ಜ್ವರ ಬಂತು. ಆಮೇಲೆ ಕಾಮಣಿ. ಮಳೆ ಹಿಡಿದ ಹೊಸತು. ಬೀದಿಯಲ್ಲಿ ಇನ್ನೂ ಇಬ್ಬರಿಗೆ ಆಗಿತ್ತು. “ಜಾಂಡೀಸ್. ರೆಸ್ಟ್ ತಗೊಳ್ರಿ, ಎಣ್ಣೆ ಬಿಡ್ರಿ. ಮನೇಲಿ ಎಲ್ಲರೂ ನೀರು ಕಾಯಿಸಿ, ಆರಿಸಿ ಕುಡೀರಿ. ಬಸುರಿ ಬೇರೆ ಇದಾಳೆ” ಎಂದರು ನಮ್ಮೂರ ಡಾಕ್ಟರು. ನಾನು ಆ ಮಾತನ್ನು ಚಾಚೂ ತಪ್ಪದೆ ನಡೆಸಿದೆ. ದೊಡ್ಡ ಪಾತ್ರೆಯಲ್ಲಿ ದಿನಾ ಎರಡು ಸಲ ನೀರು ಕೊತಕೊತ ಕುದಿಸಿದೆ. ಗ್ಯಾಸ್ ಸಿಲಿಂಡರು ಎಂದಿಗಿಂತ ಬೇಗ ಮುಗಿದರೂ ಬಿಡಲಿಲ್ಲ. ಮೂರು ವಾರಕ್ಕೆ ನಮ್ಮವರು ಎದ್ದು ಅಂಗಡಿಗೆ ಹೋದರು. ಗಂಡಾಂತರ ಕಳೆಯಿತು ಅಂದುಕೊಂಡು ಸೀಮಂತಕ್ಕೆ ದಿನ ನೋಡಿದೆವು.

ಈಗ ಅದೇ ಡಾಕ್ಟರು ನಿರ್ಮಲಾಳ ಕಣ್ಣು ನೋಡಿದವರು ಸ್ಟೆತಾಸ್ಕೋಪನ್ನೂ ಹಚ್ಚಲಿಲ್ಲ. “ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ರಿ. ಇವತ್ತೇ” ಎಂದು ಚೀಟಿ ಬರೆಯತೊಡಗಿದರು. ನಮ್ಮವರನ್ನು ಮನೆಯಲ್ಲೇ ಇಟ್ಟುಕೊಂಡು ವಾಸಿ ಮಾಡಿದವರು ಇವಳನ್ನು ಮಾತ್ರ ಯಾಕೆ ಅಟ್ಟುತ್ತಿದ್ದಾರೆ ಎಂದು ಕೇಳಬೇಕೆನಿಸಿತು. ಅವರ ಮುಖ ನೋಡಿ ಚೀಟಿಗೆ ಕೈ ಚಾಚಿದೆ.

ಮನೆಗೆ ಬಂದರೆ ಗೌರಮ್ಮ ಅಡ್ಡ ನಿಂತರು. “ಕಾಮಾಲೆಗೆ ಇಂಗ್ಲಿಷ್ ಔಷಧಿ ಇಲ್ಲ ಅಂತ ಡಾಕ್ಟ್ರೇ ಹೇಳ್ತಾರಲ್ಲ. ನಮ್ಮ ಕಡೆ ಸೊಪ್ಪಿನ ರಸ ಕೊಡೋರು ಇದಾರೆ. ಮೂರು ಬೆಳಿಗ್ಗೆ ಕುಡಿದ್ರೆ ಇಳೀತದೆ. ನಮ್ಮ ಮಂಜಪ್ಪನಿಗೂ ಅದ್ರಿಂದಲೇ ಹೋಗಿದ್ದು.” ಮಂಜಪ್ಪ ಅಂದರೆ ನಿರ್ಮಲಾಳ ಗಂಡ, ಹೈಸ್ಕೂಲು ಮೇಷ್ಟ್ರು. ಗೌರಮ್ಮ ಕೆಟ್ಟವರಲ್ಲ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು.

“ಮಂಜಪ್ಪ ಬಸುರಿ ಆಗಿದ್ನೇನ್ರಿ?” ಎಂದುಬಿಟ್ಟೆ.

ಅಷ್ಟು ಒರಟಾಗಿ ಬೀಗರ ಜೊತೆ ನಾನು ಯಾವತ್ತೂ ಮಾತಾಡಿರಲಿಲ್ಲ. ಅವರು ಒಳಗೆ ಹೋಗಿ, ನಿರ್ಮಲಾಳ ಸೀರೆಗಳನ್ನು ಚೀಲಕ್ಕೆ ತುಂಬಿಕೊಟ್ಟರು. ನಮ್ಮವರು ಎಸ್‌ಟಿಡಿ ಬೂತಿನಿಂದ ಸೊರಬದ ಸ್ಕೂಲಿಗೆ ಫೋನು ಮಾಡಿದರು. ಬಾಡಿಗೆ ಕಾರಿನಲ್ಲಿ ದಾರಿಯುದ್ದಕ್ಕೂ ನಿರ್ಮಲಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಮೈ ಕೆರೆದುಕೊಳ್ಳುತ್ತಿದ್ದಳು. ಉಗುರಿನ ಗೀರುಗಳೂ ಹಳದಿ.

ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಕೊಂಡವರು ನನ್ನ ವಯಸ್ಸಿನದೇ ಒಬ್ಬ ಲೇಡಿ ಡಾಕ್ಟರು. ಡ್ರಿಪ್ ಹಾಕಿಸಿ, ರಕ್ತ ತೆಗೆಸಿ, ಹಾಸಿಗೆಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ನಿರ್ಮಲಾ ಕಣ್ಣು ಮುಚ್ಚಿ ಮಲಗಿದ್ದಳು.

“ಮನೇಲಿ ಬೇರೆ ಯಾರಿಗಾದ್ರೂ ಆಗಿತ್ತಾ?”

“ನಮ್ಮನೆಯವರಿಗೆ ಆಗಿತ್ತು. ಎರಡು ತಿಂಗಳ ಹತ್ರ ಆಯ್ತು.”

“ಆಮೇಲಾದ್ರೂ ನೀರು ಕುದಿಸಿ ಕುಡೀತಿದ್ರಾ?”

“ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ. ಕೊತಕೊತ ಕುದಿಸೇ ಕೊಡ್ತಿದ್ದೆ.”

“ಆರಿಸಿ ಕೊಡ್ತಿದ್ರಾ?”

“ಹೂಂ ಮತ್ತೆ. ಇವಳು ಬಿಸಿ ಮುಟ್ಟಲ್ಲ. ಅದಕ್ಕೆ ತಣ್ಣೀರು ಬೆರೆಸಿ ಹದ ಮಾಡಿ ಕೊಡ್ತಿದ್ದೆ.”

ಅವರ ಪೆನ್ನು ನಿಂತಿತು.

“ಯಾವ ತಣ್ಣೀರು?”

ನಲ್ಲಿಯದು.

ಬಾಯಿಂದ ಆ ಪದ ಹೊರಟಾಗಲೇ ನನಗೆ ಅರ್ಥವಾಯಿತು. ಅಲ್ಲಿಯವರೆಗೆ ಆಗಿರಲಿಲ್ಲ. ಇದನ್ನು ಓದುವವರಿಗೆ ನಂಬಿಕೆ ಬರಲಿಕ್ಕಿಲ್ಲ, ಆದರೆ ನಿಜವಾಗಿಯೂ ಆಗಿರಲಿಲ್ಲ. ಹಂಡೆಯ ನೀರು ಕಾದರೆ ಅದಕ್ಕೆ ತಣ್ಣೀರು ಬೆರೆಸಿ ಹದ ಮಾಡುತ್ತೇವೆ. ಮಗುವಿಗೆ ಎರೆಯುವ ನೀರನ್ನು ಮೊಣಕೈ ಅದ್ದಿ ನೋಡಿ, ಬೆರೆಸಿ, ಹದ ಮಾಡುತ್ತೇವೆ. ಬಂದವರ ಕಾಲಿಗೂ ಹಾಗೇ. ಬಿಸಿನೀರು ತಾನಾಗಿ ಆರಲಿ ಎಂದು ಕಾಯುತ್ತಾ ಕೂರುವುದನ್ನು ನಾನು ಯಾವ ಮನೆಯಲ್ಲೂ ನೋಡಿರಲಿಲ್ಲ. ಆರಿಸಿ ಎಂದು ಡಾಕ್ಟರು ಹೇಳಿದಾಗ ನನ್ನ ಕಿವಿಗೆ ಬಿದ್ದದ್ದು ಹದ ಮಾಡಿ ಎಂದೇ. ಅವಳು ನೀರು ಕೇಳಿದಾಗಲೆಲ್ಲ ಅರ್ಧ ಚೊಂಬು ಬಿಸಿನೀರಿಗೆ ಅರ್ಧ ಚೊಂಬು ನಲ್ಲಿ ನೀರು ಸುರಿದು, ಹೊರಗಿನಿಂದ ಕೈಯಿಟ್ಟು ನೋಡಿ, ಅಕ್ಕರೆಯಿಂದ ಕೊಟ್ಟಿದ್ದೆ.

ಡಾಕ್ಟರು ಬೈಯಲಿಲ್ಲ. “ಎಷ್ಟೋ ಮನೇಲಿ ಹಿಂಗೇ ಮಾಡ್ತಾರಮ್ಮ. ಇದ್ರಿಂದಲೇ ಬಂತು ಅಂತ್ಲೂ ಹೇಳೋಕಾಗಲ್ಲ. ಒಳಗೆ ಹೋಗಿ ಕಾಣಿಸ್ಕೊಳ್ಳೋಕೆ ತಿಂಗಳಿಂದ ಎರಡು ತಿಂಗಳು ಹಿಡಿಯುತ್ತೆ” ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲಿನ ದಿನಗಳಲ್ಲಿ ವಾರ್ಡಿನ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಎಷ್ಟು ಸಲ ಎಣಿಸಿದೆನೋ. ಅವಳು ಬಂದ ಮೊದಲ ವಾರ ಕುಡಿದ ಹಸಿ ನೀರೋ, ಆಮೇಲೆ ನಾನು ಹದ ಮಾಡಿದ ನೀರೋ. ಲೆಕ್ಕ ಎರಡೂ ಕಡೆಗೆ ಸರಿಹೋಗುತ್ತಿತ್ತು.

ಡಾಕ್ಟರು ನನ್ನನ್ನೂ ಅಷ್ಟರಲ್ಲಿ ಬಂದ ಮಂಜಪ್ಪನನ್ನೂ ಹೊರಗೆ ಕರೆದು ಹೇಳಿದರು. ನೀರಿನಿಂದ ಬರುವ ಈ ಜಾಂಡೀಸ್ ಬೇರೆಯವರಿಗೆ ಬಂದು ಹೋಗುತ್ತದೆ. ತುಂಬಿದ ಬಸುರಿಗೆ ಹಾಗಲ್ಲ. ಲಿವರ್ ಕೈಕೊಡಬಹುದು. ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿದೆ. ಈಗ ಹೆರಿಗೆ ನೋವು ಬಂದರೆ ಕಷ್ಟ.

“ಇಬ್ರೂ ಉಳೀತಾರಾ ಡಾಕ್ಟ್ರೇ?” ಎಂದು ಮಂಜಪ್ಪ ಕೇಳಿದ.

“ಮೊದಲು ತಾಯಿ ನೋಡೋಣ” ಎಂದರು.

ನನಗೊಂದು ಕೆಲಸ ಹೇಳಿದರು. ಗಂಟೆಗೊಮ್ಮೆ ಅವಳನ್ನು ಮಾತಾಡಿಸಬೇಕು. ಹೆಸರೇನು, ಎಲ್ಲಿದ್ದೀಯ, ಇವತ್ತು ಯಾವ ವಾರ. ಉತ್ತರ ತಪ್ಪಿದರೆ, ತೊದಲಿದರೆ, ಸುಮ್ಮನೆ ಮಂಕಾಗಿ ಮಲಗಿದರೂ ತಕ್ಷಣ ಕರೆಯಬೇಕು. ಲಿವರ್ ಸೋತರೆ ಅದು ಮೊದಲು ಗೊತ್ತಾಗುವುದು ಮಾತಿನಲ್ಲಂತೆ. ಇನ್ನೊಂದು, ಸೀಲ್ ಇರುವ ಬಾಟಲಿಯ ನೀರು ಬಿಟ್ಟು ಬೇರೆ ನೀರು ಕೊಡಕೂಡದು. ವಾರ್ಡಿನಲ್ಲಿ ಒಲೆ ಇರಲಿಲ್ಲ. ಇದ್ದಿದ್ದರೂ ನನ್ನ ಕೈಗೆ ಒಲೆ ಕೊಡಲು ನನಗೇ ಧೈರ್ಯವಿರಲಿಲ್ಲ.

ನಮ್ಮವರು ಬಸ್‌ಸ್ಟ್ಯಾಂಡಿಗೆ ಹೋಗಿ ನಾಲ್ಕು ಬಾಟಲಿ ತಂದರು. ಗಾಳಿ ಮಾರುವ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದನ್ನು ತೆಗೆದು ಲೋಟಕ್ಕೆ ಬಗ್ಗಿಸಿ ನಿರ್ಮಲಾಳ ಬಾಯಿಯ ಹತ್ತಿರ ಹಿಡಿದೆ. ಅವಳು ಕಣ್ಣು ಬಿಟ್ಟಳು. ಲೋಟ ನೋಡಿದಳು. ನನ್ನನ್ನು ನೋಡಿದಳು. ತುಟಿ ಬಿಚ್ಚಲಿಲ್ಲ.

“ಬಾಟ್ಲಿ ಕೊಡಕ್ಕ. ನಾನೇ ತೆಗೀತೀನಿ” ಎಂದಳು.

ಹೊಸ ಬಾಟಲಿ ಕೊಟ್ಟೆ. ಡ್ರಿಪ್ ಚುಚ್ಚಿದ ಕೈ. ಬೆರಳಿನಲ್ಲಿ ಬಲವಿಲ್ಲ. ಎರಡು ಸಲ ಜಾರಿತು. ನಾನು ಕೈ ಚಾಚಿದರೆ ಬಾಟಲಿಯನ್ನು ಎದೆಗೆ ಒತ್ತಿಕೊಂಡಳು. ಮೂರನೇ ಸಲ ಮುಚ್ಚಳ ತಿರುಗಿ ಕಟ್ ಎಂದಿತು. ಆ ಸದ್ದು ಕೇಳಿದ ಮೇಲೆಯೇ ಅವಳು ಕುಡಿದದ್ದು. ಅಂದಿನಿಂದ ಪ್ರತಿ ಬಾಟಲಿಗೂ ಇದೇ ಆಯಿತು.

ಡಾಕ್ಟರಿಗೆ ನಾನು ಹೇಳಿದ್ದು ಅವಳಿಗೆ ಕೇಳಿಸಿತ್ತೇ? ಕಣ್ಣು ಮುಚ್ಚಿದ್ದಳು ನಿಜ. ಕೇಳುವ ಧೈರ್ಯ ನನಗಾಗಲಿಲ್ಲ. ಗಂಟೆಗೊಮ್ಮೆ ಅವಳ ಹೆಸರು ಕೇಳುತ್ತಿದ್ದೆ, ವಾರ ಕೇಳುತ್ತಿದ್ದೆ. ಇದೊಂದನ್ನು ಬಿಟ್ಟು ಎಲ್ಲ ಕೇಳುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ. ರಿಪೋರ್ಟಿನಲ್ಲಿ ಬಿಲಿರುಬಿನ್, ಅಂದರೆ ಕಾಮಣಿಯ ಅಳತೆ, ಮತ್ತೆ ಏರಿತ್ತು. ನರ್ಸು ಬಂದು ತಾವೇ ಕೇಳಿದರು.

“ಹೆಸರೇನಮ್ಮ?”

“ನಿರ್ಮಲಾ.”

“ಯಾವ ಊರು?”

“ತಾಳಗುಂದ.”

ನರ್ಸು ಕೇಸ್‌ಶೀಟಿನಲ್ಲಿ ನೋಡಿ ಮುಖ ಗಂಟಿಕ್ಕಿದರು. ಅದರಲ್ಲಿ ಸೊರಬ ಎಂದಿತ್ತು. “ಕನ್‌ಫ್ಯೂಸ್ ಆಗ್ತಿದಾರೆ” ಎಂದರು. ನಾನು ಅಡ್ಡ ಬಂದೆ. “ಇಲ್ಲ ಸಿಸ್ಟರ್, ತವರೂರು ಹೇಳಿದ್ಲು. ನನ್ನ ಕೇಳಿದ್ರೂ ನಾನೂ ಹಂಗೇ ಹೇಳ್ತೀನಿ. ನಮಗೆ ಎರಡೂರು ಇರ್ತಾವಲ್ರಿ.” ಜಗಳ ಆಡುವವಳ ಹಾಗೆ ಹೇಳಿದೆ. ನರ್ಸಿಗೂ ನಗು ಬಂತು. ಆಗ ನಿರ್ಮಲಾ ಬಾಗಿಲ ಕಡೆ ನೋಡುತ್ತಾ ಕೇಳಿದಳು.

“ಅಕ್ಕ, ಅವ್ವ ಎಲ್ಲಿಗೆ ಹೋದ್ಲು? ಈಗ ಇಲ್ಲೇ ಇದ್ಲಲ್ಲ.”

ಓಡಿದೆ. ಚಪ್ಪಲಿ ಎಲ್ಲಿ ಬಿದ್ದಿತೋ ಗೊತ್ತಿಲ್ಲ.

ಆಮೇಲಿನ ಎರಡು ದಿನಗಳು ನನಗೆ ಕ್ರಮವಾಗಿ ನೆನಪಿಲ್ಲ. ಐಸಿಯು ಬಾಗಿಲು. ಮೂಗಿಗೆ ನಳಿಗೆ. ಅದರ ನಡುವೆ ನೋವು ಕಾಣಿಸಿಕೊಂಡಿತು, ಎರಡು ತಿಂಗಳು ಮೊದಲೇ. ರಕ್ತ ಬೇಕೆಂದರು. ಮಂಜಪ್ಪ ಕೊಟ್ಟ, ಅವನ ಸ್ಕೂಲಿನ ಇಬ್ಬರು ಮೇಷ್ಟ್ರು ಬಸ್ಸು ಹತ್ತಿ ಬಂದು ಕೊಟ್ಟರು. ನಮ್ಮವರು ಅಂಗಿಯ ತೋಳು ಮಡಚಿಕೊಂಡು ಹೋದರೆ ಕಾಮಣಿ ಆದವರದು ಬೇಡವೆಂದು ವಾಪಸ್ ಕಳಿಸಿದರು. ಅವರು ಕಾರಿಡಾರಿನ ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಕೂತದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಗೌರಮ್ಮನೂ ಬಂದು ನನ್ನ ಪಕ್ಕದಲ್ಲಿ ಕೂತಿದ್ದರು. ಸೊಪ್ಪಿನ ಮಾತು ಆಡಲಿಲ್ಲ. ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದರು. ಆ ಕೈ ಏನು ಮಾಡಿದೆ ಎಂದು ಅವರಿಗೆ ಗೊತ್ತಿಲ್ಲವಲ್ಲ ಎಂದು ನನಗೆ ಹಿಂಸೆಯಾಗುತ್ತಿತ್ತು.

ಹೆಣ್ಣು ಮಗು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಅಂಗೈ ಅಗಲದ ಬೆನ್ನು.

ತಾಯಿಯ ರಕ್ತಸ್ರಾವ ಮರುದಿನದ ಹೊತ್ತಿಗೆ ಹತೋಟಿಗೆ ಬಂತು. ಹೆರಿಗೆಯಾದ ನಾಲ್ಕನೆಯ ದಿನ ಬೆಳಿಗ್ಗೆ ನನ್ನನ್ನು ಒಳಗೆ ಬಿಟ್ಟರು. ರೂಢಿಯಂತೆ ಕೇಳಿದೆ. “ಹೆಸರೇನು?”

“ನಿನ್ನ ತಂಗಿ” ಎಂದಳು. “ಇವತ್ತು ಯಾವ ವಾರ ಅಂತ ಕೇಳಬ್ಯಾಡ. ನನಗೂ ಗೊತ್ತಿಲ್ಲ.”

ಅಳು ಬಂತು. ಜೋರಾಗಿಯೇ ಅತ್ತೆ. ಸಿಸ್ಟರು ಹೊರಗೆ ಕಳಿಸಿದರು.

ಬಾಣಂತನ ನನ್ನ ಮನೆಯಲ್ಲಿ ಆಗಲಿಲ್ಲ. ಡಿಸ್ಚಾರ್ಜ್ ದಿನ ಗೌರಮ್ಮ ಯಾರನ್ನೂ ಕೇಳದೆ ಸೊರಬಕ್ಕೆ ಕಾರು ಮಾಡಿಸಿದರು. ತವರಿನ ಹಕ್ಕು ಎಂದು ನಾನು ಜಗಳ ತೆಗೆಯಬಹುದಿತ್ತು. ಅದರ ಬದಲು ಹೊಸ ಬಾಟಲಿಗಳ ಚೀಲವನ್ನು ಡಿಕ್ಕಿಯಲ್ಲಿಟ್ಟೆ.

ಮನೆಗೆ ಬಂದರೆ ನಮ್ಮವರು ಅಂಗಡಿ ಮುಚ್ಚಿ ಬಾಗಿಲ ಮುಂದೆ ಅಗೆಯುತ್ತಿದ್ದರು. ಬೀದಿಯ ದೊಡ್ಡ ಪೈಪಿನಿಂದ ನಮ್ಮ ಮನೆಗೆ ಎಳೆದ ಸಣ್ಣ ಪೈಪು ಚರಂಡಿಯ ಅಡಿಯಿಂದ ಬರುತ್ತದೆ. ಅಲ್ಲಿ ಒಂದು ಜಾಯಿಂಟು. ನಮ್ಮ ಅಂಗಡಿಯದೇ ಮಾಲು, ನಿಂತು ಹಾಕಿಸಿದ್ದೂ ಅವರೇ. ಜಾಯಿಂಟು ತುಕ್ಕು ಹಿಡಿದು ಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ನೀರು ಬಿಡದ ಹೊತ್ತಿನಲ್ಲಿ ಚರಂಡಿ ಒಳಗೆ ಇಳಿಯುತ್ತಿತ್ತು. ಇಬ್ಬರೂ ಗುಂಡಿಯ ಅಂಚಿನಲ್ಲಿ ನಿಂತು ನೋಡಿದೆವು. “ನಿನ್ನ ಬಟ್ಟೆ ಇದನ್ನೇನು ಸೋಸ್ತಿತ್ತೇ” ಎಂದರು. ಬೈಯುವ ಧ್ವನಿಯಲ್ಲ ಅದು. ಹೊಸ ಪೈಪನ್ನು ಚರಂಡಿಯ ಮೇಲಿಂದ ಹಾಕಿಸಿದರು.

ಆದರೂ ನಾನು ಬಾಟಲಿ ಕೊಳ್ಳುವುದು ನಿಲ್ಲಲಿಲ್ಲ. ಬಸುರಿ ಬಾಣಂತಿ ಯಾರೇ ಮನೆಗೆ ಬರಲಿ, ಒಂದು ಬಾಟಲಿ ತರಿಸಿಡುತ್ತೇನೆ. “ಅದನ್ನೂ ಎಲ್ಲೋ ಒಂದು ನಲ್ಲಿಗೇ ಹಿಡಿದು ತುಂಬಿರ್ತಾರೆ ಮಾರಾಯ್ತಿ” ಎಂದು ನಮ್ಮವರು ಹೇಳುತ್ತಾರೆ. ಇರಬಹುದು. ಅದರೊಳಗೆ ಏನಿದೆಯೋ ನನಗೂ ಗೊತ್ತಿಲ್ಲ. ಆ ಕಟ್ ಅನ್ನುವ ಸದ್ದಿನವರೆಗೆ ಅದನ್ನು ನಾನು ಮುಟ್ಟಿಲ್ಲ, ಬೆರೆಸಿಲ್ಲ, ಹದ ಮಾಡಿಲ್ಲ ಅನ್ನುವುದೊಂದು ಗೊತ್ತು. ಆ ದಾವಣಗೆರೆಯವಳ ಮೇಲಿನ ಸಿಟ್ಟೂ ಇಳಿಯಿತು. ಅವಳ ಮನೆಯಲ್ಲಿ ಯಾರು ಮಲಗಿ ಎದ್ದಿದ್ದರೋ, ಎದ್ದಿರಲಿಲ್ಲವೋ, ನಾನು ಕೇಳಿಯೇ ಇರಲಿಲ್ಲ.

ಹೋದ ವಾರ ನಿರ್ಮಲಾ ಬಂದಿದ್ದಳು. ಹೆರಿಗೆಯಾದ ಮೇಲೆ ಮೊದಲ ಸಲ. ಮಗುವಿಗೆ ಎಂಟು ತಿಂಗಳು. ಸಣ್ಣ ಆಳೇ, ಆದರೆ ಚುರುಕು. ಬಂದವಳು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತಳು. ಬಿಸಿಲಲ್ಲಿ ಬಸ್ಸಿನಲ್ಲಿ ಬಂದಿದ್ದಳು, ನೀರು ಕೇಳಿದಳು. ನಾನು ಚೊಂಬು ಹಿಡಿದು ನಿಂತೆ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಅನ್ನಿಸಿತು.

“ನಿಮ್ಮಿ, ಆವಾಗ ನಾನು ಕುದಿಸಿದ ನೀರಿಗೆ...”

“ಗೊತ್ತು ಬಿಡಕ್ಕ. ಡಾಕ್ಟ್ರ ಹತ್ರ ಹೇಳ್ತಿದ್ದಾಗ ಎಚ್ಚರ ಇತ್ತು ನನಗೆ.”

“ಸಿಟ್ಟು ಬರಲಿಲ್ಲೇನೇ?”

“ಬಂತು. ಬಾಳ ಬಂತು” ಎಂದಳು. ಚೊಂಬಿನ ಕಡೆ ನೋಡಿದಳು. “ಇದು ಕುದಿಸಿದ್ದಾ?”

“ಕುದಿಸಿದ್ದು. ಬೆಳಿಗ್ಗೆಯಿಂದ ತಾನಾಗೇ ಆರಿದ್ದು.”

ತೆಗೆದುಕೊಂಡು ಎತ್ತಿ ಗಟಗಟ ಕುಡಿದಳು. ಅರ್ಧ ಚೊಂಬು ಖಾಲಿಯಾಯಿತು.

ಆಮೇಲೆ ಮಗುವಿಗೆ ರಾಗಿ ಸರಿ ತಿನ್ನಿಸಿದಳು. ಸೊರಬದಿಂದ ಫ್ಲಾಸ್ಕಿನಲ್ಲಿ ತಂದ ನೀರು ಬಸ್ಸಿನಲ್ಲೇ ಮುಗಿದಿತ್ತು. ಮಗು ಬಾಯಿ ಚಪ್ಪರಿಸಿ ನೀರಿಗೆ ಕೈ ಚಾಚಿತು. ಚೊಂಬು ಅವಳ ಪಕ್ಕದಲ್ಲೇ ಇತ್ತು. ನಿರ್ಮಲಾ ಅದನ್ನು ನೋಡಿದಳು. ಮುಟ್ಟಲಿಲ್ಲ.

“ಅಕ್ಕ, ನನಗೆ ಇದು ಸಾಕು. ಇವಳಿಗೆ ಮಾತ್ರ... ಬಾಟ್ಲಿ ನೀರು ಐತೇನು?”

ಇತ್ತು. ಬೆಳಿಗ್ಗೆಯೇ ತರಿಸಿ ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಟ್ಟಿದ್ದೆ. ತಂದು, ಸೀಲು ಕಾಣುವ ಹಾಗೆ ಹಿಡಿದು ಅವಳ ಕೈಗೆ ಕೊಟ್ಟೆ. ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಹಾಗೇ.

ಅವಳು ಮುಚ್ಚಳದ ಮೇಲೆ ಬೆರಳಿಟ್ಟಳು. ಮತ್ತೆ ತೆಗೆದು, ಬಾಟಲಿಯನ್ನು ನನ್ನ ಕಡೆಗೆ ಚಾಚಿದಳು.

“ನೀನೇ ತೆಗೆದು ಕುಡಿಸಕ್ಕ” ಎಂದಳು.

ತಿರುಗಿಸಿದೆ. ಕಟ್ ಎಂದಿತು. ಮಗು ನನ್ನ ಕಡೆ ನೋಡಿ ಬಾಯಿ ತೆರೆಯಿತು.